ಬೆಂಗಳೂರಿನಿಂದ ದಿಲ್ಲಿಗೆ ಮನೆ ಸಾಮಾನು: ಪೂರ್ತಿ ಲಾರಿಯೋ, ಪಾರ್ಟ್ ಲೋಡೋ, ರೈಲೋ?

ಎರಡು ಬೆಡ್‌ರೂಮಿನ ಮನೆ, ಸುಮಾರು 2,150 ಕಿ.ಮೀ. ದಾರಿ. ರೇಟು ಕೇಳುವ ಮುಂಚೆ ಸಾಮಾನು ನಡುವೆ ಎಷ್ಟು ಸಲ ಕೆಳಗಿಳಿಯುತ್ತದೆ ಎಂದು ಕೇಳಿ. ಒಡೆಯುವುದು, ಕಳೆಯುವುದು ಓಡುವ ಲಾರಿಯಲ್ಲಿ ಕಡಿಮೆ, ಗೋಡೌನಿನಲ್ಲಿ ಜಾಸ್ತಿ.

ಪೂರ್ತಿ ಲಾರಿ ಹಿಡಿದರೆ ಏರಿಸುವುದು ಒಮ್ಮೆ, ಇಳಿಸುವುದು ಒಮ್ಮೆ. ಇಷ್ಟು ಸಾಮಾನಿಗೆ 14 ಅಡಿಯ ಮುಚ್ಚಿದ ಕಂಟೇನರ್ ಸಾಮಾನ್ಯವಾಗಿ ಸಾಕು. ತುಟ್ಟಿ, ಆದರೆ ಐದಾರು ದಿನದಲ್ಲಿ ತಲುಪುತ್ತದೆ. ಮೋಸ ನಡೆಯುವುದು ಇಲ್ಲೂ ಉಂಟು: ಪೂರ್ತಿ ಲಾರಿಯ ದುಡ್ಡು ತೆಗೆದುಕೊಂಡು, ಊರಾಚೆ ಹೋದಮೇಲೆ ಬೇರೆ ಗಾಡಿಗೆ ತುಂಬುತ್ತಾರೆ. ಅದಕ್ಕೇ ಲಾರಿ ರಶೀದಿಯಲ್ಲಿ ಗಾಡಿ ನಂಬರು, ಸೀಲ್ ನಂಬರು ಎರಡನ್ನೂ ಬರೆಸಿ, ಬಾಗಿಲಿಗೆ ಸೀಲ್ ಹಾಕಿದ ಮೇಲೆ ಫೋಟೊ ತೆಗೆಯಿರಿ. ದಿಲ್ಲಿಯೊಳಗೆ ಹಗಲು ಹೊತ್ತು ಸರಕು ಲಾರಿಗಳಿಗೆ ನೋ ಎಂಟ್ರಿ ಇರುವುದರಿಂದ ಕೊನೆಯ ತುಂಡು ದಾರಿಗೆ ಚಿಕ್ಕ ಗಾಡಿ ಬೇಕಾಗಬಹುದು. ಅದರ ಬಾಡಿಗೆ ಯಾರದು ಎಂಬುದು ಮೊದಲೇ ಕಾಗದದ ಮೇಲೆ ಇರಲಿ.

ಪಾರ್ಟ್ ಲೋಡ್, ಅಂದರೆ ಬೇರೆಯವರ ಸಾಮಾನಿನ ಜೊತೆ ಲಾರಿ ಹಂಚಿಕೊಳ್ಳುವುದು, ಅಗ್ಗ. ಹತ್ತು ಹದಿನೈದು ದಿನ ಕಾಯುವ ತಾಳ್ಮೆ ಬೇಕು, ಸಾಮಾನು ಕನಿಷ್ಠ ಎರಡು ಗೋಡೌನು ಕಾಣುತ್ತದೆ. ಇಲ್ಲಿ ಬಿಲ್ಲು ಘನ ಅಡಿಯ ಲೆಕ್ಕದಲ್ಲಿ. ಫೋನಿನಲ್ಲೇ ರೇಟು ಹೇಳಿದವರು ಲೋಡ್ ಮಾಡುವ ದಿನ ‘ಸಾಮಾನು ಜಾಸ್ತಿ ಇದೆ’ ಎಂದು ರಾಗ ಎಳೆಯುವುದು ಮಾಮೂಲು. ಮನೆಗೆ ಬಂದು ಇಲ್ಲವೇ ವಿಡಿಯೊದಲ್ಲಿ ನೋಡಿ, ವಸ್ತುವಾರು ಪಟ್ಟಿ ಕೊಟ್ಟವರನ್ನೇ ಹಿಡಿಯಿರಿ. ಪ್ರತಿ ಪೆಟ್ಟಿಗೆಗೂ ನಂಬರು ಹಾಕಿಸಿ. ಪಟ್ಟಿಯಲ್ಲಿ ಬರೀ ‘ಪೆಟ್ಟಿಗೆ 32’ ಎಂದಿದ್ದರೆ, ಒಂದು ಕಾಣೆಯಾದಾಗ ಒಳಗೇನಿತ್ತು ಎಂದು ಸಾಧಿಸಲಾಗದು.

ರೈಲು ಪಾರ್ಸೆಲ್ ಪುಸ್ತಕ, ಪಾತ್ರೆ, ಬೈಕಿಗೆ ಲಾಯಕ್ಕು. ಫ್ರಿಜ್ಜು, ಗಾಜು ಖಂಡಿತ ಬೇಡ. ಬೈಕಿನ ಪೆಟ್ರೋಲು ಪೂರ್ತಿ ಇಳಿಸಿ, ಗೋಣಿ ಸುತ್ತಿಸಿ, ಆರ್‌ಸಿ ಪ್ರತಿ ಮತ್ತು ಗುರುತಿನ ಚೀಟಿ ಒಯ್ಯಿರಿ. ಎಲ್ಲಿಂದ ಎಲ್ಲಿಗೆ ಎಂಬುದನ್ನು ರಟ್ಟಿನ ಮೇಲೆ ದಪ್ಪಗೆ ಬರೆದು ಎರಡು ಕಡೆ ಕಟ್ಟಿ. ರಶೀದಿ ಜೋಪಾನ. ದಿಲ್ಲಿಯ ನಿಲ್ದಾಣದಲ್ಲಿ ಬೇಗ ಬಿಡಿಸಿಕೊಳ್ಳದಿದ್ದರೆ, ಪುಕ್ಕಟೆ ಅವಧಿ ಮುಗಿದ ಗಳಿಗೆಯಿಂದ ವಾರ್ಫೇಜ್ (ಸರಕು ಅಲ್ಲೇ ಬಿಟ್ಟದ್ದಕ್ಕೆ ಬಾಡಿಗೆ) ಬೀಳುತ್ತದೆ. ಪುಸ್ತಕದ ಪೆಟ್ಟಿಗೆ 15 ಕೆ.ಜಿ. ದಾಟದಿರಲಿ. ದಾಟಿದರೆ ಹಮಾಲಿ ಎತ್ತುವುದಿಲ್ಲ, ಎಸೆಯುತ್ತಾನೆ.

ಬಿಲ್ಲಿನಲ್ಲಿ ‘ಎಫ್‌ಒವಿ’ (ಫ್ರೈಟ್ ಆನ್ ವ್ಯಾಲ್ಯೂ) ಎಂಬ ಸಾಲು ಕಂಡರೆ ಅದನ್ನು ವಿಮೆ ಎಂದುಕೊಳ್ಳಬೇಡಿ. ಅದು ಸಾಮಾನಿನ ಬೆಲೆಯ ಮೇಲೆ ಸಾಗಣೆದಾರ ಹಾಕುವ ಶುಲ್ಕವಷ್ಟೆ. ವಿಮೆ ಎಂದರೆ ವಿಮಾ ಕಂಪನಿಯ ಪಾಲಿಸಿ ನಂಬರು ಕೈಗೆ ಬರಬೇಕು. ನಷ್ಟವಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸು ಕೊಡಬೇಕೆಂದು 2007ರ ರಸ್ತೆ ಸಾಗಣೆ ಕಾಯ್ದೆ ಹೇಳುತ್ತದೆ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಪತ್ರ) ಬೇಕಿಲ್ಲ. ಆ ಹೆಸರಿನಲ್ಲಿ ನಡುದಾರಿಯಲ್ಲಿ ದುಡ್ಡು ಕೇಳಿದರೆ ಕೊಡಬೇಡಿ.

ಒಟ್ಟಿನಲ್ಲಿ ಫ್ರಿಜ್ಜು, ವಾಷಿಂಗ್ ಮಷಿನ್, ಮರದ ಮಂಚ ಮೂರೂ ಇದ್ದರೆ ಪೂರ್ತಿ ಲಾರಿಯೇ ಸರಿ. ಹಾಸಿಗೆ, ಬಟ್ಟೆ, ಪಾತ್ರೆಯಷ್ಟೇ ಇದ್ದರೆ ಪಾರ್ಟ್ ಲೋಡ್ ಸಾಕು. ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬನ್ನು ಇಲ್ಲೇ ಮಾರಿಬಿಡಿ. ಒಮ್ಮೆ ಬಿಚ್ಚಿದರೆ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ. ಗ್ಯಾಸ್ ಸಿಲಿಂಡರನ್ನು ಲಾರಿಗೆ ಹಾಕಬೇಡಿ, ಏಜೆನ್ಸಿಗೆ ಒಪ್ಪಿಸಿ ವೋಚರು ಪಡೆಯಿರಿ.

ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಐಸು ಕರಗಿಸಿ, ಒರೆಸಿ, ನಿಂತಂತೆಯೇ ಸಾಗಿಸಿ. ಮುಂದೆ ಬಾಗಿಲಿರುವ ವಾಷಿಂಗ್ ಮಷಿನ್ನಿಗೆ ಕೊಂಡಾಗ ಬಂದಿದ್ದ ಟ್ರಾನ್ಸಿಟ್ ಬೋಲ್ಟ್ ಮತ್ತೆ ಬಿಗಿಯಬೇಕು, ಇಲ್ಲವಾದರೆ ಡ್ರಮ್ಮು ಕುಲುಕಿ ಸಸ್ಪೆನ್ಷನ್ ಹೋಗುತ್ತದೆ. ಆ ಬೋಲ್ಟು ಎಸೆದಿದ್ದರೆ ಸರ್ವಿಸ್ ಸೆಂಟರಿಗೆ ಒಂದು ವಾರ ಮುಂಚೆಯೇ ಹೇಳಿ ತರಿಸಿಡಿ.