ಸದ್ದಿಲ್ಲದೆ ನೋಡಿದ ಲೂಯಿಸ್ ಬ್ರೂಕ್ಸ್

1929ರ ಜರ್ಮನ್ ಮೂಕಿಚಿತ್ರ ‘ಪಂಡೋರಾಸ್ ಬಾಕ್ಸ್’ನ ಜೀರ್ಣೋದ್ಧಾರಗೊಂಡ ಪ್ರತಿಯ ಬ್ಲೂ-ರೇ ಡಿಸ್ಕನ್ನು ಕೊಂಡು, ಎರಡು ವಾರಗಳಲ್ಲಿ ಮೂರು ಸಲ ನೋಡಿದೆ. ಚಿತ್ರದ ನಿರ್ದೇಶಕ ಜಿ. ಡಬ್ಲ್ಯೂ. ಪಾಬ್ಸ್ಟ್ ದೊಡ್ಡ ಹೆಸರೇ ಆದರೂ ನಾನು ಡಿಸ್ಕ್ ಕೊಂಡದ್ದು ನಾಯಕಿ ಲುಲುವಿನ ಪಾತ್ರ ಮಾಡಿದ ಅಮೆರಿಕದ ನಟಿ ಲೂಯಿಸ್ ಬ್ರೂಕ್ಸ್ ಅವರಿಗಾಗಿ.

ಚಿತ್ರದ ಮೂಲ ನೆಗೆಟಿವ್ ಉಳಿದಿಲ್ಲ. ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿದ್ದ ನಕಲು ಪ್ರತಿಗಳನ್ನು ಹೊಂದಿಸಿ ಈ ರೂಪಕ್ಕೆ ತಂದಿರುವುದರಿಂದ ಕೆಲವು ದೃಶ್ಯಗಳು ತಿಳಿಯಾಗಿವೆ, ಕೆಲವು ಮಸುಕಾಗಿವೆ. ಬ್ರೂಕ್ಸ್ ಅವರ ಸಮೀಪ ಚಿತ್ರಿಕೆಗಳಲ್ಲಿ ಮಾತ್ರ ಹಣೆಯ ಮೇಲೆ ನೇರವಾಗಿ ಕತ್ತರಿಸಿದ ಕಪ್ಪು ಕೂದಲಿನ ಅಂಚೂ ಎದ್ದು ಕಾಣುತ್ತದೆ.

ರಂಗಮಂದಿರದ ಹಿಂಬದಿಯ ದೃಶ್ಯವೊಂದಕ್ಕಾಗಿಯೇ ಈ ಡಿಸ್ಕನ್ನು ಇಟ್ಟುಕೊಳ್ಳಬಹುದು. ತನ್ನ ಪ್ರಿಯಕರ ಮದುವೆಯಾಗಲಿರುವ ಹೆಣ್ಣು ಪ್ರೇಕ್ಷಕರ ನಡುವೆ ಇರುವಾಗ ತಾನು ಕುಣಿಯುವುದಿಲ್ಲವೆಂದು ಲುಲು ಹಟ ಹಿಡಿಯುತ್ತಾಳೆ. ಮಗುವಿನಂತೆ ತಲೆಯಾಡಿಸುತ್ತಾಳೆ, ಕಾಲು ಬಡಿಯುತ್ತಾಳೆ. ಸಮಾಧಾನಪಡಿಸಲು ಬಂದ ಆ ಪ್ರಿಯಕರ ಅವಳನ್ನು ಅಪ್ಪಿಕೊಂಡಿರುವಾಗಲೇ ಬಾಗಿಲು ತೆರೆಯುತ್ತದೆ. ಹೊಸ್ತಿಲಲ್ಲಿ ಅವನ ವಧು ಮತ್ತು ಮಗ ನಿಂತಿದ್ದಾರೆ. ಆಗ ಲುಲುವಿನ ಮುಖದಲ್ಲಿ ಗೆಲುವಿನ ಸಣ್ಣ ನಗೆಯೊಂದು ಮೂಡುತ್ತದೆ, ಅಷ್ಟೇ. ಕೈ ಎತ್ತುವುದಿಲ್ಲ, ಕಣ್ಣರಳಿಸುವುದಿಲ್ಲ. ಈಕೆ ನಟಿಸುವುದೇ ಇಲ್ಲವೆಂದು ಅಂದಿನ ವಿಮರ್ಶಕರು ದೂರಿದ್ದು ಇಂಥ ಸಂಯಮವನ್ನೇ.

ಡಿಸ್ಕ್‌ನಲ್ಲಿ ನಾಲ್ಕು ಬಗೆಯ ಹಿನ್ನೆಲೆ ಸಂಗೀತದ ಆಯ್ಕೆಯಿದೆ. ವಾದ್ಯವೃಂದದ ಸಂಗೀತ ಆ ನಗೆಯನ್ನು ವಿಪರೀತ ಒತ್ತಿ ಹೇಳುತ್ತದೆ ಎನಿಸಿತು. ಪಿಯಾನೋ ಒಂದೇ ಇರುವುದು ಹೆಚ್ಚು ಹಿತ. ಮೂರನೆಯ ಸಲ ಸದ್ದನ್ನು ಪೂರ್ತಿ ನಿಲ್ಲಿಸಿ ನೋಡಿದಾಗಲೇ ಬ್ರೂಕ್ಸ್ ಮೂಲತಃ ನರ್ತಕಿಯೆಂಬುದು ಮನದಟ್ಟಾಯಿತು. 1906ರಲ್ಲಿ ಕಾನ್ಸಾಸ್‌ನ ಚೆರಿವೇಲ್‌ನಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ಡೆನಿಶಾನ್ ನೃತ್ಯ ತಂಡ ಸೇರಿದ್ದರು. ಸಿನಿಮಾಕ್ಕೆ ಬಂದದ್ದು ಅದಾದ ಮೇಲೆ.

ಹೆಚ್ಚುವರಿ ಭಾಗದಲ್ಲಿರುವ ಎರಡು ಸಾಕ್ಷ್ಯಚಿತ್ರಗಳು ಅವರ ಬದುಕನ್ನು ತಿಳಿಸುತ್ತವೆ. ಸಂಬಳ ಹೆಚ್ಚಿಸದ ಹಾಲಿವುಡ್‌ನ ಪ್ಯಾರಮೌಂಟ್ ಚಿತ್ರಸಂಸ್ಥೆಯನ್ನು ಬಿಟ್ಟು 1928ರಲ್ಲಿ ಬರ್ಲಿನ್‌ಗೆ ಹೋದದ್ದು, ತಾವು ಹಿಂದೆ ನಟಿಸಿದ್ದ ಮೂಕಿಯೊಂದನ್ನು ಟಾಕಿಯಾಗಿಸಲು ಕರೆ ಬಂದಾಗ ಅವರು ಒಪ್ಪದ್ದರಿಂದ ಬೇರೊಬ್ಬ ನಟಿ ಧ್ವನಿ ನೀಡಬೇಕಾದದ್ದು, 1938ರ ಹೊತ್ತಿಗೆ ಚಿತ್ರಜೀವನವೇ ಮುಗಿದು, ಮುಂದೆ ನ್ಯೂಯಾರ್ಕಿನ ಮಳಿಗೆಯೊಂದರಲ್ಲಿ ಮಾರಾಟಗಾರ್ತಿಯಾದದ್ದು, ಇವೆಲ್ಲ ಓದಿ ತಿಳಿದಿದ್ದರೂ ನೋಡುವಾಗ ಮನಸ್ಸು ಭಾರವಾಗುತ್ತದೆ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರಕ್ಕೆ ಹೋಗಿ ನೆಲೆಸಿದ ಮೇಲೆ ಅವರು ಸಿನಿಮಾ ಕುರಿತು ಬರೆದ ಪ್ರಬಂಧಗಳು 1982ರಲ್ಲಿ ಪುಸ್ತಕವಾಗಿ ಬಂದವು. 1985ರಲ್ಲಿ ಅವರು ತೀರಿಕೊಂಡರು.

1970ರ ದಶಕದಲ್ಲಿ ಚಿತ್ರೀಕರಿಸಿದ ಸಂದರ್ಶನದಲ್ಲಿ ವಯಸ್ಸಾದ ಬ್ರೂಕ್ಸ್ ಪಾಬ್ಸ್ಟ್ ಅವರನ್ನು ನೆನೆಯುತ್ತಾರೆ. ಅದನ್ನು ಚಿತ್ರ ನೋಡುವ ಮುನ್ನ ತೆರೆಯಬೇಡಿ. ಲುಲುವನ್ನು ಮೊದಲು ಅವಳ ಮೌನದಲ್ಲಿ ಕಂಡವರಿಗೇ ಆ ಧ್ವನಿ ಪೂರ್ತಿಯಾಗಿ ಕೇಳಿಸುತ್ತದೆ.