ಎಲೆ ಕೆಂಪು, ಹುಳು ಹಸಿರು: ಒಂದು ನೇರಳಾತೀತ ಟಾರ್ಚ್

ಹಗಲಿನಲ್ಲಿ ಚಿಗುರಿಗೆ ಅಂಟಿಕೊಂಡ ಹಸಿರು ಮರಿಹುಳುವನ್ನು ಹುಡುಕುವ ತಾಳ್ಮೆ ನನಗಿಲ್ಲ. ಎಲೆಯ ಅಂಚು ಕತ್ತರಿಸಿರುತ್ತದೆ, ಕೆಳಗೆ ಹಿಕ್ಕೆ ಉದುರಿರುತ್ತದೆ, ಹುಳು ಮಾತ್ರ ಕಾಣುವುದಿಲ್ಲ. ಈ ವಸಂತಕ್ಕೆಂದು ಕೊಂಡ 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚ್ ಆ ರಗಳೆಯನ್ನು ಬಹುಮಟ್ಟಿಗೆ ಮುಗಿಸಿದೆ. ಕತ್ತಲಲ್ಲಿ ಗಿಡದ ಮೇಲೆ ಹಿಡಿದರೆ ಎಲೆಯ ಪತ್ರಹರಿತ್ತು ಮಂಕಾದ ಕೆಂಪಾಗಿ ಕಾಣುತ್ತದೆ. ಅದರ ನಡುವೆ ಅನೇಕ ಜಾತಿಯ ಮರಿಹುಳುಗಳು ತಿಳಿಹಸಿರಾಗಿಯೋ ನೀಲಿ ಬೆರೆತ ಬಿಳಿಯಾಗಿಯೋ ಹೊಳೆಯುತ್ತವೆ. ಎಲ್ಲವೂ ಹೊಳೆಯುವುದಿಲ್ಲ. ಕಪ್ಪು ಕೂದಲಿನ ಕಂಬಳಿಹುಳುಗಳ ಮಟ್ಟಿಗೆ ಇದರಿಂದ ಅಷ್ಟೇನೂ ಪ್ರಯೋಜನ ಕಾಣಲಿಲ್ಲ. ಹಕ್ಕಿಯ ಹಿಕ್ಕೆ, ಬಟ್ಟೆಯ ಎಳೆ, ಕಲ್ಲುಹೂವು ಕೂಡ ಮಿನುಗಿ ಆಸೆ ಹುಟ್ಟಿಸುತ್ತವೆ.

ಕೊಳ್ಳುವಾಗ ನೋಡಬೇಕಾದದ್ದು ತರಂಗಾಂತರವನ್ನು. ಅಗ್ಗದ 395 ನ್ಯಾನೋಮೀಟರ್ ಟಾರ್ಚ್‌ಗಳು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಧಾರಾಳವಾಗಿ ಚೆಲ್ಲಿ, ಹುಳುವಿನ ಮಂದ ಹೊಳಪನ್ನು ಮುಳುಗಿಸಿಬಿಡುತ್ತವೆ. ನನ್ನದರ ಮುಂದೆ ಆ ಕಾಣುವ ಬೆಳಕನ್ನು ತಡೆಯುವ ಕಪ್ಪು ಗಾಜಿನ ಫಿಲ್ಟರ್ ಇದೆ. ಕೊಟ್ಟ ಹಣಕ್ಕೆ ನ್ಯಾಯ ಸಿಕ್ಕಿದ್ದು ಆ ಗಾಜಿನಿಂದ.

ಪತಂಗಗಳನ್ನು ಕರೆಯಲು ಮಾತ್ರ ಇದನ್ನು ನಂಬಬೇಡಿ. ಪೊಟ್ಟಣದ ಮೇಲೆ ಹಾಗೆಂದು ಬರೆದಿದ್ದಾರೆ, ಆದರೆ ಬೆಳಕಿನ ಕೋಲು ತೀರಾ ಕಿರಿದು. ಬಿಳಿ ಬಟ್ಟೆ ಕಟ್ಟಿ ಕಾದರೆ ಬಂದದ್ದು ಒಂದೆರಡು ಸಣ್ಣ ಪತಂಗ, ಬೇಕಾದಷ್ಟು ಸೊಳ್ಳೆ. ಸುತ್ತಲೂ ಬೆಳಕು ಹರಡುವ ದೀಪವೇ ಆ ಕೆಲಸಕ್ಕೆ ಸರಿ. ಹಾರುವ ಕೀಟಗಳು ಬೆಳಕಿನತ್ತ ಬೆನ್ನು ತಿರುಗಿಸಿಕೊಳ್ಳುತ್ತವೆ, ಅದರಿಂದಲೇ ದೀಪದ ಸುತ್ತ ಸಿಕ್ಕಿಕೊಂಡು ಸುತ್ತುತ್ತವೆ ಎಂದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಹಾಗಾಗಿ ಯಾವ ದೀಪವಾದರೂ ರಾತ್ರಿಯಿಡೀ ಉರಿಸುವುದು ನನಗೆ ಒಪ್ಪಿಗೆಯಿಲ್ಲ.

ಹುಳು ಸಿಕ್ಕ ಮೇಲೆ ಈ ಟಾರ್ಚ್ ಆರಿಸಿ ಸಾಧಾರಣ ಬಿಳಿ ಬೆಳಕಿಗೆ ಬನ್ನಿ, ಏಕೆಂದರೆ ನೇರಳಾತೀತದಲ್ಲಿ ತೆಗೆದ ಚಿತ್ರದ ಬಣ್ಣವೆಲ್ಲ ಸುಳ್ಳು, ಗುರುತಿಸಲು ಬಾರದು. ಮೇಲಿನಿಂದ, ಪಕ್ಕದಿಂದ, ತಲೆಯ ಹತ್ತಿರದಿಂದ ಚಿತ್ರ ತೆಗೆದು, ತಿನ್ನುತ್ತಿದ್ದ ಗಿಡದ ಹೆಸರನ್ನೂ ಬರೆದಿಡಿ. ಗಿಡ ತಿಳಿಯದಿದ್ದರೆ ಅರ್ಧ ಸುಳಿವು ಕೈಬಿಟ್ಟಂತೆ. ಹೊಟ್ಟೆಯ ಭಾಗದ ಮೆತ್ತನೆಯ ಕಾಲುಗಳನ್ನು ಎಣಿಸಿ: ಪತಂಗ, ಚಿಟ್ಟೆಗಳ ಮರಿಹುಳುವಿಗೆ ಸಾಮಾನ್ಯವಾಗಿ ಐದು ಜೊತೆಗಿಂತ ಹೆಚ್ಚಿರುವುದಿಲ್ಲ. ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಅಳೆಯುತ್ತ ನಡೆಯುವ ಹುಳುಗಳಿಗೆ ಹೆಚ್ಚಾಗಿ ಎರಡೇ ಜೊತೆ. ಆರೋ ಅದಕ್ಕಿಂತ ಹೆಚ್ಚೋ ಕಂಡರೆ ಅದು ಕಣಜಗಳ ಸಂಬಂಧಿಯಾದ ಗರಗಸ ನೊಣದ ಮರಿಯಿರಬಹುದು. ಪತಂಗಗಳ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗದು. ವಸಂತದ ಆರಂಭದಲ್ಲಿ ಇನ್ನೊಂದು ತೊಡಕುಂಟು: ಎಷ್ಟೋ ಹುಳುಗಳು ಪೊರೆ ಬಿಟ್ಟಂತೆಲ್ಲ ಬಣ್ಣ ಬದಲಿಸುತ್ತವೆ, ಎಳೆಯ ಹುಳುವಿಗೆ ಬೆಳೆದ ಹುಳುವಿನ ಚಿತ್ರ ಹೊಂದುವುದಿಲ್ಲ.

ದೂರುಗಳೂ ಇವೆ. ತಲೆಯ ಭಾಗ ಬೇಗ ಬಿಸಿಯಾಗುತ್ತದೆ, ಬಿಸಿಯಾದಂತೆ ಬೆಳಕು ಕುಗ್ಗುತ್ತದೆ. ಗುಂಡಿ ಎಷ್ಟು ಮೆದುವೆಂದರೆ ಚೀಲದೊಳಗೆ ತಾನಾಗಿ ಹೊತ್ತಿಕೊಳ್ಳುತ್ತದೆ. ಈ ಬೆಳಕು ಕಣ್ಣಿಗೆ ಅಪಾಯಕಾರಿ, ಅದೂ ಕಾಣದ ಅಪಾಯ, ಆದ್ದರಿಂದ ಇದು ಸಣ್ಣ ದೋಷವಲ್ಲ. ರಕ್ಷಣಾ ಕನ್ನಡಕವನ್ನು ಜೊತೆಗೆ ಕೊಟ್ಟಿಲ್ಲ, ಬೇರೆಯಾಗಿಯೇ ಕೊಳ್ಳಬೇಕು. ಮರಿಹುಳು ಹುಡುಕುವವರಿಗೆ ಐದರಲ್ಲಿ ನಾಲ್ಕು ಅಂಕ. ಬರೀ ಪತಂಗ ನೋಡುವವರಿಗೆ ಎರಡು ಕೊಟ್ಟರೆ ಹೆಚ್ಚು.