ರಾಯಚೂರಿನ ಸಾಹಿತ್ಯ ಕೇಂದ್ರಕ್ಕೆ ಒಂದು ವರ್ಷ ಹೋಗಿ ಬಂದ ಮೇಲೆ

ಹೋದ ವರ್ಷ ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ವಾರ, ನಮ್ಮೂರಿನ ಸಾಹಿತ್ಯ ಕೇಂದ್ರದ ಮೆಟ್ಟಿಲು ಹತ್ತಿದೆ. ಅಲ್ಲಿಂದ ಇಲ್ಲಿಯವರೆಗೆ ತಪ್ಪಿಸಿದ್ದು ಎರಡೇ ಉಪನ್ಯಾಸ. ಒಂದು ಮಗಳ ಪರೀಕ್ಷೆಗೆ, ಇನ್ನೊಂದು ಹತ್ತಿ ಸೀಸನ್‌ನಲ್ಲಿ ಮಿಲ್ಲಿನಿಂದ ಬಿಡುವು ಸಿಗದೆ. "ಅಲ್ಲಿ ಹೋಗಿ ಏನು ಮಾಡ್ತೀಯ? ಭಾಷಣ ಕೇಳಿ ಬರೋದಲ್ವಾ?" ಅಂತ ಜೊತೆಯವರು ಕೇಳುತ್ತಲೇ ಇರುತ್ತಾರೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಉತ್ತರ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಇಲ್ಲಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬೇರೆ ಮಾಡುವ ಮಿಲ್ಲಿನಲ್ಲಿ, ಲೆಕ್ಕ ಬರೆಯುವವಳು. ಹದಿನಾರು ವರ್ಷವಾಯಿತು. ಕಾಲೇಜಿನ ದಿನದಿಂದ ಕಥೆ ಬರೆಯುತ್ತೇನೆ. ಬರೆದದ್ದನ್ನು ತೋರಿಸಲು ಊರಲ್ಲಿ ಯಾರೂ ಇರಲಿಲ್ಲ. ಸಾಹಿತ್ಯ ಅಂದರೆ ನನಗೆ ದೂರದ ಊರಿನ ಮಾತು, ಇಲ್ಲವೇ ಯಾವಾಗಲೋ ಒಮ್ಮೆ ಬರುವ ಸಮ್ಮೇಳನ. 1934ರಲ್ಲಿ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿದ್ದ ಸಮ್ಮೇಳನ ನಡೆದದ್ದು ರಾಯಚೂರಿನಲ್ಲೇ ಅಂತ ಅಜ್ಜ ಹೇಳುತ್ತಿದ್ದ. ನಾನು ಕಣ್ಣಾರೆ ನೋಡಿದ್ದು 2016ರ ಡಿಸೆಂಬರ್‌ನ 82ನೇ ಸಮ್ಮೇಳನ. ಬರಗೂರು ರಾಮಚಂದ್ರಪ್ಪ ಅವರು ಅಧ್ಯಕ್ಷರು. ನೋಟು ರದ್ದಾಗಿ ತಿಂಗಳೂ ಆಗಿರಲಿಲ್ಲ. ಕೈಯಲ್ಲಿ 2000ದ ಒಂದೇ ನೋಟು ಹಿಡಿದು ಪುಸ್ತಕದ ಮಳಿಗೆ ಮಳಿಗೆ ಸುತ್ತಿದೆ. ಎಲ್ಲೂ ಚಿಲ್ಲರೆ ಇಲ್ಲ. ಕೊನೆಗೆ ಒಬ್ಬರು ಪುಸ್ತಕ ಕೊಟ್ಟು, "ಆಮೇಲೆ ಕಳಿಸಿ" ಅಂದರು. ಮೂರು ದಿನ ಮುಗಿಯಿತು, ಪೆಂಡಾಲ್ ಬಿಚ್ಚಿದರು. ಮತ್ತೆ ಎಲ್ಲವೂ ಮೊದಲಿನ ಹಾಗೆ.

ಹಾಗಾಗಿ ತಿಂಗಳು ತಿಂಗಳೂ ಬಾಗಿಲು ತೆರೆಯುವ ಒಂದು ಜಾಗ ನನಗೆ ದೊಡ್ಡ ವಿಷಯ.

ಜಾಗ ನೋಡಲು ಸಣ್ಣದು. ಹಳೇ ಕಟ್ಟಡದ ಮೊದಲ ಮಹಡಿ. ಅರವತ್ತು ಕುರ್ಚಿ ಹಿಡಿಸುವ ಹಾಲ್, ಪಕ್ಕಕ್ಕೆ ಉದ್ದನೆಯ ಮೇಜಿನ ಕೋಣೆ, ಗೋಡೆ ತುಂಬ ಪುಸ್ತಕ. ಮೂರನೇ ಶನಿವಾರ ಸಂಜೆ 6ಕ್ಕೆ ಉಪನ್ಯಾಸ. ಎರಡನೇ ಮತ್ತು ನಾಲ್ಕನೇ ಭಾನುವಾರ ಬೆಳಿಗ್ಗೆ ಬರೆಯುವವರ ಕೂಟ. ಅದಕ್ಕೆ ನಾವೆಲ್ಲ 'ಮೇಜು' ಅಂತಲೇ ಅನ್ನುತ್ತೇವೆ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಉಪನ್ಯಾಸ ಮುಗಿದ ಮೇಲೆ ಕೆಳಗಿನ ಬಂಡಿಯಿಂದ ಒಗ್ಗರಣಿ ಮಿರ್ಚಿ ಬರುತ್ತದೆ. ಅದಕ್ಕೆ ಎಲ್ಲರೂ ಕೈಲಾದಷ್ಟು ಹಾಕುತ್ತೇವೆ.

ಮೊದಲು ಉಪನ್ಯಾಸಗಳ ವಿಷಯ. ಎಲ್ಲವೂ ಚೆನ್ನಾಗಿದ್ದವು ಅಂದರೆ ಸುಳ್ಳಾಗುತ್ತದೆ. ಎರಡು ಸಲ ಭಾಷಣಕಾರರು ತಂದ ಹಾಳೆಯಿಂದ ಕಣ್ಣೆತ್ತದೆ ಮುಕ್ಕಾಲು ಗಂಟೆ ಓದಿದರು. ಒಂದು ಸಲವಂತೂ ಪೂರ್ತಿ ಸನ್ಮಾನದಲ್ಲೇ ಕಳೆಯಿತು. ಜಗನ್ನಾಥದಾಸರ ಹರಿಕಥಾಮೃತಸಾರದ ಬಗ್ಗೆ ನಡೆದದ್ದು ಪರವಾಗಿಲ್ಲ. ಮಾನ್ವಿಯ ಕಡೆಯಿಂದ ಬಂದವರೊಬ್ಬರು ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ಲೆಕ್ಕವನ್ನು ಎಲ್ಲರಿಂದ ಚಪ್ಪಾಳೆ ಹೊಡೆಸಿ ಕಲಿಸಿದರು. ಮಗಳು ಈಗಲೂ ಪಾತ್ರೆ ತೊಳೆಯುವಾಗ ಆ ತಾಳ ಹಾಕುತ್ತಾಳೆ.

ಗಜಲ್ ಬಗ್ಗೆ ನಡೆದ ಸಂಜೆ ಬೇರೆಯೇ. ಕನ್ನಡದಲ್ಲಿ ಗಜಲ್ ಬೆಳೆಸಿದ ಶಾಂತರಸರು ನಮ್ಮದೇ ಜಿಲ್ಲೆಯ ಹೆಂಬೇರಾಳದವರು ಅಲ್ವಾ, ಹಾಗಾಗಿ ಹಾಲ್ ತುಂಬಿತ್ತು. ಆ ಸಂಜೆಯನ್ನು ಎತ್ತಿ ನಿಲ್ಲಿಸಿದ್ದು ಮಾತ್ರ ಭಾಷಣವಲ್ಲ, ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯರು. ಎಂಬತ್ತೈದು ದಾಟಿದವರು. ನಿಜಾಮರ ಕಾಲದಲ್ಲಿ ಉರ್ದು ಶಾಲೆಗೆ ಹೋದವರು. ಅವರು ಎದ್ದು ನಿಂತು ಕುರ್ಚಿಯ ತೋಳಿನ ಮೇಲೆ ಬೆರಳು ಬಡಿಯುತ್ತಾ, ರದೀಫ್ ಅಂದರೆ ಮರಳಿ ಮರಳಿ ಬರುವ ಮಾತು, ಕಾಫಿಯಾ ಅಂದರೆ ಅದಕ್ಕಿಂತ ಮೊದಲು ಬರುವ ಪ್ರಾಸ ಅಂತ ತೋರಿಸಿದರು. "ರದೀಫ್ ಬಾಗಲಾ ಇದ್ದಂಗ. ಕಾಫಿಯಾ ಆ ಬಾಗಲಾ ಬಡಿಯೋ ಕೈ" ಅಂದರು. ಹತ್ತು ಲೇಖನ ಓದಿಯೂ ತಲೆಗೆ ಹೋಗದ್ದು ಅವತ್ತು ಹೋಯಿತು.

ನವೆಂಬರ್‌ನಲ್ಲಿ ಬಸ್ ಮಾಡಿಕೊಂಡು ಮಸ್ಕಿಗೆ ಹೋದೆವು. ಅಶೋಕನ ಶಾಸನದ ಬಗ್ಗೆ ಉಪನ್ಯಾಸ, ಬಂಡೆಯ ಎದುರೇ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರಿಗೆ ಇದು ಸಿಕ್ಕಿತು. ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಇತ್ತೇ ಹೊರತು ಅವನು ಯಾರು ಅಂತ ಹೆಸರು ಹಿಡಿದು ಹೇಳಿರಲಿಲ್ಲ. ಇಲ್ಲಿ ಅಶೋಕ ಅಂತಲೇ ಇದೆ. ನಮ್ಮ ಜೊತೆ ಬಂದಿದ್ದ ಪಿಯುಸಿ ಹುಡುಗನೊಬ್ಬ ಬಸ್ಸಿನಲ್ಲೇ ಬ್ರಾಹ್ಮಿ ಅಕ್ಷರಗಳ ಹಾಳೆ ನೋಡಿಕೊಂಡು ಕಲಿಯುತ್ತಿದ್ದ. ಬಂಡೆಯ ಮುಂದೆ ನಿಂತು ಒಂದೊಂದೇ ಗೀರಿಗೆ ಬೆರಳು ಚಾಚಿ, "ಅ... ಸೋ... ಕ... ಸ" ಅಂತ ಓದಿದ. ಅವನ ದನಿ ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ನಡುಗುತ್ತಿತ್ತು. ನಮ್ಮ ಕಡೆ ಎಲ್ಲರೂ ಮಸ್ಕಿಯ ಮೇಲೆಯೇ ಓಡಾಡುತ್ತಾರೆ. ನಾನೂ ಹೋಗಿಬಂದವಳೇ. ಬಸ್ಸಿನಿಂದ ಇಳಿದಿದ್ದು ಅವತ್ತೇ ಮೊದಲು.

ವರ್ಷದ ಎಲ್ಲ ಸಂಜೆಗಳಲ್ಲಿ ಒಂದನ್ನು ಆರಿಸು ಅಂದರೆ ಆಯ್ದಕ್ಕಿ ಲಕ್ಕಮ್ಮನ ಬಗ್ಗೆ ನಡೆದದ್ದನ್ನು ಆರಿಸುತ್ತೇನೆ. ಹನ್ನೆರಡನೇ ಶತಮಾನದ ಶರಣೆ ಲಕ್ಕಮ್ಮ, ಆಕೆಯ ಗಂಡ ಮಾರಯ್ಯ ಇಬ್ಬರೂ ಲಿಂಗಸುಗೂರು ಕಡೆಯ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ಜಾಸ್ತಿ ಅಕ್ಕಿ ತಂದಾಗ, ನಮಗೆ ಬೇಕಾದಷ್ಟು ಸಾಕು, ಉಳಿದದ್ದನ್ನು ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದ ಕಥೆ ನಮಗೆಲ್ಲ ಗೊತ್ತು. ಭಾಷಣಕಾರರೂ ಅದನ್ನು ಚೆನ್ನಾಗಿಯೇ ಹೇಳಿದರು. ಪ್ರಶ್ನೆ ಕೇಳುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬಾಕೆ ಕೈ ಎತ್ತಿದರು. ಕಾಲೇಜಿಗೆ ಹೋಗುವ ಮಗಳ ಜೊತೆ ಬಂದಿದ್ದರು. ಎಪಿಎಂಸಿಯಲ್ಲಿ ಚೀಲದಿಂದ ಚೆಲ್ಲಿದ ಕಾಳು ಗುಡಿಸಿ ಆಯುವ ಕೆಲಸ ಅವರದು.

"ಸಂಜಿಗೆ ಎಷ್ಟು ಅಕ್ಕಿ ಸಿಗ್ತಿದ್ವು ಆಯಮ್ಮಗ?" ಅಂದರು.

ಭಾಷಣಕಾರರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಮೈಕನ್ನು ಆಕೆಯ ಕೈಗೇ ಕೊಟ್ಟು, "ನೀವೇ ಹೇಳ್ರಿ, ಎಷ್ಟು ಸಿಗಬಹುದು?" ಅಂದರು. ಆಕೆ ಹತ್ತು ನಿಮಿಷ ಮಾತಾಡಿದರು. ಗುಡಿಸಿದ ಕಾಳಲ್ಲಿ ಅರ್ಧ ಮಣ್ಣೇ ಇರುತ್ತದೆ. ಮೊದಲು ಜರಡಿ, ಆಮೇಲೆ ಮೊರ, ಕೊನೆಗೆ ಕೈ. ಸಣ್ಣ ಬಿಳಿ ಹರಳು ಕಣ್ಣಿಗೆ ಅಕ್ಕಿಯ ಹಾಗೇ ಕಾಣುತ್ತದೆ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಯಾವ ಅಂಗಡಿಯ ಮುಂದೆ ಗುಡಿಸಲು ಬಿಡುತ್ತಾರೆ, ಯಾವ ಕಡೆ ಬೈಯುತ್ತಾರೆ, ಎಲ್ಲ ಹೇಳಿದರು. "ಜಾಸ್ತಿ ಬಿದ್ದಿದ್ರ ನಮಗ ಖುಷಿ ಆಗೂದಿಲ್ರಿ, ಹೆದರಿಕಿ ಆಗ್ತದ. ಬೇಕಂತನ ಚೆಲ್ಲ್ಯಾರೇನೋ ಅಂತ" ಅಂದರು. ಹಾಲ್‌ನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಾರಯ್ಯನನ್ನು ಪರೀಕ್ಷೆ ಮಾಡಲು ಬಸವಣ್ಣನವರು ಅಕ್ಕಿ ಜಾಸ್ತಿ ಚೆಲ್ಲಿಸಿದ್ದರು ಅಂತ ಕಥೆ ಹೇಳುತ್ತದೆ. ಆಕೆಗೆ ಆ ಭಾಗ ಗೊತ್ತಿರಲಿಲ್ಲ. ಭಾಷಣಕಾರರೂ ಅವತ್ತು ಅದನ್ನು ಹೇಳಿರಲಿಲ್ಲ.

ಮೈಕನ್ನು ಸಭೆಗೆ ದಾಟಿಸುವ ಈ ಅಭ್ಯಾಸ ಕೇಂದ್ರದವರು ಮೊದಲಿನಿಂದಲೂ ಇಟ್ಟುಕೊಂಡಿದ್ದಾರೆ. ಒಂದು ಗಂಟೆ ಮಾತು, ಒಂದು ಗಂಟೆ ಪ್ರಶ್ನೆ. ಇದನ್ನು ಯಾವ ಕಾರಣಕ್ಕೂ ಬಿಡಬಾರದು.

ಇನ್ನು ಮೇಜಿನ ವಿಷಯ. ನನ್ನ ಮಟ್ಟಿಗೆ ಕೇಂದ್ರ ಅಂದರೆ ಇದೇ.

ಐದಾರು ಜನ ಕೂರುತ್ತೇವೆ. ನಿಮ್ಮ ಕಥೆಯದ್ದೋ ಕವಿತೆಯದ್ದೋ ಪ್ರತಿ ಎಲ್ಲರಿಗೂ ಕೊಡಬೇಕು. ಎಲ್ಲರ ಕೈಗೂ ಒಂದೊಂದು ಪೆನ್ಸಿಲ್. ಮೊದಲು ಮೌನವಾಗಿ ಓದುತ್ತಾರೆ. ಆಮೇಲೆ ಹೇಳುತ್ತಾರೆ. ಕಾಲೇಜಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಒಬ್ಬ ಮೇಡಂ ನಡೆಸುತ್ತಾರೆ. "ಚೆನ್ನಾಗಿದೆ" ಅನ್ನುವ ಮಾತನ್ನು ಅಲ್ಲಿ ಒಂಟಿಯಾಗಿ ಬಿಡುವಂತಿಲ್ಲ. ಎಲ್ಲಿ, ಯಾವ ಸಾಲು ಅಂತ ಹೇಳಲೇಬೇಕು.

ನಾನು ಮೊದಲು ಒಯ್ದದ್ದು ಮಿಲ್ಲಿನ ಒಬ್ಬ ಹಮಾಲನ ಕಥೆ. 'ಅವನ ಕಣ್ಣುಗಳಲ್ಲಿ ಬಡತನದ ಛಾಯೆ ಎದ್ದು ಕಾಣುತ್ತಿತ್ತು' ಅಂತ ಬರೆದಿದ್ದೆ. ಮೇಡಂ ಆ ಸಾಲಿನ ಕೆಳಗೆ ಗೆರೆ ಎಳೆದು ಕೇಳಿದರು: "ಹದಿನಾರು ವರ್ಷದಿಂದ ಅವರನ್ನ ನೋಡ್ತಿದ್ದೀರಿ. ಬೇಲ್ ಎತ್ತುವಾಗ ಅವರ ಹೆಗಲ ಮೇಲೆ ಏನಿರುತ್ತೆ?"

ಗೋಣಿಚೀಲದ ತುಂಡು, ನಾಲ್ಕು ಮಡಿಕೆ ಅಂದೆ. ಕೈಯಲ್ಲಿ? ಕಬ್ಬಿಣದ ಕೊಕ್ಕೆ. ಬೇಲ್, ಅಂದರೆ ಒತ್ತಿ ಕಟ್ಟಿದ ಹತ್ತಿಯ ಮೂಟೆ, ಎಷ್ಟು ತೂಕ? 170 ಕೆಜಿ, ನಾಲ್ಕು ಜನ ಸೇರಿ ಹೊರಳಿಸುತ್ತಾರೆ. ಕಣ್ಣು ಹೇಗಿರುತ್ತೆ? ಯೋಚಿಸಿದೆ. ರೆಪ್ಪೆಗೆ ಹತ್ತಿಯ ನವಿರು ಅಂಟಿರುತ್ತದೆ, ಅದಕ್ಕೇ ಸಂಜೆಯವರೆಗೂ ಕಣ್ಣು ಕಿರಿದು ಮಾಡಿಕೊಂಡೇ ಇರುತ್ತಾರೆ ಅಂದೆ.

"ಇದನ್ನ ಬರೀರಿ" ಅಂದರು.

ಅದೇ ಕಥೆಯಲ್ಲಿ ಹಮಾಲನ ಹೆಂಡತಿ 'ನೀವು ಊಟ ಮಾಡುವುದಿಲ್ಲವೇ?' ಅಂತ ಕೇಳುತ್ತಿದ್ದಳು. ಪಕ್ಕದಲ್ಲಿದ್ದ ಹುಡುಗ ನಗದೆ, ಬಹಳ ಮೆತ್ತಗೆ, "ಅಕ್ಕಾರ, ನಿಮ್ಮವ್ವ ಹಿಂಗ ಮಾತಾಡ್ತಾರೇನ್ರಿ?" ಅಂದ. ಮನೆಗೆ ಬಂದು ಮಾತುಗಳನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಅವ್ವ ಹೇಳಿದ ಹಾಗೆ ತಿದ್ದಿದೆ. ಹನ್ನೊಂದು ಪುಟ ಇದ್ದದ್ದು ಏಳಕ್ಕೆ ಬಂತು. ಮೂರು ಸಲ ಬರೆದ ಮೇಲೆ ಅದು ನನ್ನ ಕಥೆ ಅಂತ ಮೊದಲ ಸಲ ಅನ್ನಿಸಿತು.

ಈ ಮೇಜು ಏಳು ವರ್ಷ ಮೊದಲೇ ಸಿಕ್ಕಿದ್ದರೆ ನನ್ನ ಮೊದಲ ಪುಸ್ತಕದ ಗತಿ ಬೇರೆಯಾಗುತ್ತಿತ್ತು. ಆಗ ಒಬ್ಬ ಪ್ರಕಾಶಕರಿಗೆ 28,000 ರೂಪಾಯಿ ಕೊಟ್ಟು ಕಥಾಸಂಕಲನ ಹೊರತಂದೆ. 500 ಪ್ರತಿ ಅಂದಿದ್ದರು. ಮನೆಗೆ ಬಂದದ್ದು ಸುಮಾರು 200. ಉಳಿದದ್ದರ ಲೆಕ್ಕ ಇಂದಿಗೂ ಸಿಕ್ಕಿಲ್ಲ. ಹಳೇ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತವನ್ನು ಯುನಿಕೋಡಿಗೆ ಬದಲಿಸುವಾಗ ಒತ್ತಕ್ಷರಗಳು ಹಾರಿಹೋಗಿದ್ದವು. ಕರಡು ತಿದ್ದಲು ನನಗೆ ಕೊಡಲೇ ಇಲ್ಲ. ಆ ಪುಸ್ತಕವನ್ನು ಯಾರಿಗೂ ಕೊಡಲು ಮನಸ್ಸಾಗದೆ ಅಟ್ಟದ ಮೇಲೆ ಇಟ್ಟಿದ್ದೇನೆ.

ಇದನ್ನು ಮೇಜಿನಲ್ಲಿ ಹೇಳಿದಾಗ ಎಲ್ಲರೂ ತಮ್ಮ ತಮ್ಮ ಕಥೆ ಬಿಚ್ಚಿದರು. ಅದರಿಂದ ಜನವರಿಯಲ್ಲಿ ಪುಸ್ತಕ ಮಾಡುವ ಬಗ್ಗೆ ಒಂದು ಇಡೀ ದಿನದ ಪಾಠ ನಡೆಯಿತು. ಅಚ್ಚುಮನೆಯವರೊಬ್ಬರು ದೊಡ್ಡ ಹಾಳೆ ತಂದು ಮಡಚಿ ಮಡಚಿ ತೋರಿಸಿದರು. ಡೆಮಿ ಅಳತೆಯಲ್ಲಿ ಒಂದು ಫಾರಂ ಅಂದರೆ 16 ಪುಟ. ನನ್ನ ಪುಸ್ತಕ 100 ಪುಟ. ಆರು ಫಾರಂಗೆ 96. ಮಿಕ್ಕ ನಾಲ್ಕು ಪುಟಕ್ಕಾಗಿ ಇನ್ನೊಂದು ಅರ್ಧ ಫಾರಂನ ಖರ್ಚು ಹೊತ್ತಿದ್ದೆ. ಒಂದು ಮುನ್ನುಡಿ ಕೈಬಿಟ್ಟಿದ್ದರೆ ಸಾಕಿತ್ತು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಪ್ರಕಾಶಕರು ನನ್ನಿಂದ ಬೇರೆ ದುಡ್ಡು ತೆಗೆದುಕೊಂಡಿದ್ದರು. ಅದನ್ನು ಕೇಂದ್ರ ಸರ್ಕಾರದ ಸಂಸ್ಥೆ ಪುಕ್ಕಟೆ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ಬರೆದುಕೊಡದ ಹೊರತು ಹಕ್ಕು ಬರೆದವರದ್ದೇ, ಬರೆದವರು ತೀರಿಕೊಂಡ ಮೇಲೂ 60 ವರ್ಷ ವಾರಸುದಾರರದ್ದು. ಒಪ್ಪಂದ ಓದದೆ ಸಹಿ ಹಾಕಬೇಡಿ ಅಂತ ಒಬ್ಬ ವಕೀಲರು ಸಾಲು ಸಾಲು ಬಿಡಿಸಿ ಹೇಳಿದರು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಪುಸ್ತಕಕ್ಕೆ ಪ್ರೋತ್ಸಾಹಧನ ಕೊಡುತ್ತದಲ್ಲ, ಅದರ ಅರ್ಜಿಯನ್ನು ಸಿಂಧನೂರಿನಿಂದ ಬರುವ ಒಬ್ಬ ಹುಡುಗಿಗೆ ಅಲ್ಲೇ ಕೂರಿಸಿ ತುಂಬಿಸಿದರು.

ಕೊರತೆಗಳನ್ನೂ ಹೇಳಲೇಬೇಕು. ಇದನ್ನೆಲ್ಲ ಕೇಂದ್ರದವರಿಗೆ ಎದುರಿಗೇ ಹೇಳಿದ್ದೇನೆ.

ಮೆಟ್ಟಿಲು ಬಹಳ ಕಡಿದು. ಹಿಡಿಕೆ ಒಂದೇ ಕಡೆ. ಗಜಲ್ ಹೇಳಿಕೊಟ್ಟ ಆ ಹಿರಿಯರನ್ನು ಇಬ್ಬರು ಹಿಡಿದು ಹತ್ತಿಸಿದರು. ಆಮೇಲೆ ಅವರು ಬರಲಿಲ್ಲ. ಅಂಥವರ ಮಾತನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ವರ್ಷಕ್ಕೆ ನಾಲ್ಕು ಸಂಜೆಯಾದರೂ ನೆಲಮಹಡಿಯ ಜಾಗ ಹುಡುಕಬೇಕು.

ಸಂಜೆ 6ಕ್ಕೆ ಅಂದದ್ದು ಆರೂವರೆಗೆ ಶುರುವಾಗಿ ಎಂಟೂವರೆಗೆ ಮುಗಿಯುತ್ತದೆ. ಹಳ್ಳಿಗೆ ಹೋಗುವವರು, ಅದರಲ್ಲೂ ಹೆಣ್ಣುಮಕ್ಕಳು, ಬಸ್ಸಿಗಾಗಿ ಪ್ರಶ್ನೆಯ ಹೊತ್ತಿಗೇ ಎದ್ದು ಹೋಗುತ್ತಾರೆ. ಒಳ್ಳೆಯದು ನಡೆಯುವುದೇ ಆಗ. ಭಾನುವಾರ ಮಧ್ಯಾಹ್ನಕ್ಕೆ ಬದಲಿಸಿ ಅಂತ ಕೇಳಿದ್ದೇವೆ. ನೋಡುತ್ತೇವೆ ಅಂದಿದ್ದಾರೆ.

ಇನ್ನೊಂದು, ವರ್ಷವಿಡೀ ನಾನು ಕೇಳಿದ ಭಾಷಣಕಾರರಲ್ಲಿ ಹೆಂಗಸರು ಇಬ್ಬರೇ. ಮೇಜಿಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಲಕ್ಕಮ್ಮನ ಊರಿನ ಜಿಲ್ಲೆ ಇದು. ವೇದಿಕೆಯ ಮೇಲೂ ಅದು ಕಾಣಬೇಕು. ಉಪನ್ಯಾಸಗಳ ರೆಕಾರ್ಡಿಂಗ್ ಕೂಡ ಸರಿಯಿಲ್ಲ. ಆ ಎಪಿಎಂಸಿ ಅಕ್ಕನ ಹತ್ತು ನಿಮಿಷದ ಮಾತು ರೆಕಾರ್ಡ್ ಆಗಿಲ್ಲ ಅಂತ ಗೊತ್ತಾದಾಗ ನನಗೆ ಅಳುವೇ ಬಂತು. ಅದಕ್ಕೇ ನೆನಪಿದ್ದಷ್ಟನ್ನು ಮೇಲೆ ಬರೆದಿಟ್ಟಿದ್ದೇನೆ.

ರಾಯಚೂರಿನಲ್ಲಿದ್ದು, ಡ್ರಾಯರ್‌ನಲ್ಲಿ ಬರೆದಿಟ್ಟ ಹಾಳೆಗಳಿದ್ದರೆ ಖಂಡಿತ ಹೋಗಿ. ಉಪನ್ಯಾಸಕ್ಕಿಂತ ಮೊದಲು ಮೇಜಿಗೆ ಹೋಗಿ. ಆರು ಪ್ರತಿ ಒಯ್ಯಿರಿ. ಸಾಲು ಸಾಲಿನ ನಡುವೆ ಜಾಗ ಬಿಟ್ಟು ಟೈಪ್ ಮಾಡಿಸಿ. ಪೆನ್ಸಿಲ್ ಅಲ್ಲೇ ಇರುತ್ತವೆ.